ಮುನಿರಾಬಾದಿನ ದಂಡೆಯಲ್ಲಿ ಮೂರು ದುರ್ಬೀನು

“ಶಿಕಾರಿಗೆ ಬಂದೀರೇನ್ರಿ?”

ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತ ಮೀನುಗಾರ ಬೀಡಿ ಹಚ್ಚುತ್ತ ಕೇಳುತ್ತಾನೆ. ಅವನ ನೋಟ ನಮ್ಮ ಮುಖದ ಮೇಲಿಲ್ಲ. ಮೂರು ಕಾಲಿನ ಮೇಲೆ ನಾನು ಕೂರಿಸುತ್ತಿರುವ ಕರಿ ಕೊಳವೆಯ ಮೇಲಿದೆ. ಈ ಮಬ್ಬಿನಲ್ಲಿ ಯಾರ ಕಣ್ಣಿಗಾದರೂ ಅದು ಬಂದೂಕಿನ ನಳಿಗೆಯೇ.

“ಬಂದೂಕಲ್ಲಪಾ, ದುರ್ಬೀನು. ಹಕ್ಕಿ ನೋಡಾಕ” ಎನ್ನುತ್ತಾರೆ ಕಾಕಾ.

“ನೋಡಿ?”

“ನೋಡಿ ಮನೀಗೆ ಹೋಗೂದು.”

ಅವನು ಏನೂ ಅನ್ನುವುದಿಲ್ಲ. ಬೀಡಿಯ ಕೆಂಡ ಒಮ್ಮೆ ಹೊಳೆದು ಮಂಕಾಗುತ್ತದೆ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಸ್ಪಾಟಿಂಗ್ ಸ್ಕೋಪ್ ಎಂಬ ಈ ಉಪಕರಣದ ಜಾಹೀರಾತು ನೋಡಿದರೆ ಅರ್ಧಕ್ಕರ್ಧ ಶಿಕಾರಿಯವೇ. ಎದುರು ಬೆಟ್ಟದ ಇಳಿಜಾರಿನಲ್ಲಿ ನಿಂತ ಸಾರಂಗದ ಕೊಂಬಿಗೆ ಎಷ್ಟು ಕವಲು ಎಂದು ಎಣಿಸಿ, ಅಲ್ಲಿತನಕ ನಡೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಅಮೆರಿಕದ ಬೇಟೆಗಾರ ಇದನ್ನು ಹೆಗಲಿಗೆ ಹಾಕಿಕೊಳ್ಳುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ದಾರಿಯನ್ನು ಮುಚ್ಚಿತು. ಇಲ್ಲಿಂದ ಹೊಳೆ ದಾಟಿ ಹೋದರೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಿಂಕೆಯ ಹಿಂದೆ ಓಡುವ ಬೇಟೆಗಾರರು ಸಾಲುಸಾಲಾಗಿ ಇದ್ದಾರೆ. ಈ ಸೀಮೆಯ ಶಿಕಾರಿ ಅಲ್ಲೇ ಕಲ್ಲಾಗಿ ಉಳಿದರೆ ಸಾಕು ಎಂದು ನನ್ನ ಆಸೆ. ಆದರೆ ಹುಡುಕುವ ಚಟ, ಕಾಯುವ ತಾಳ್ಮೆ, ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ನೋಡುವ ಎಚ್ಚರ, ಇವೆಲ್ಲ ಬೇಟೆಗಾರನಿಂದ ನಮಗೆ ಬಂದ ಆಸ್ತಿಯೇ. ಅವನ ದುರ್ಬೀನೂ ಬಂದಿದೆ. ಯಾವ ದುರ್ಬೀನು ಎನ್ನುವುದೇ ಇವತ್ತಿನ ಪ್ರಶ್ನೆ.

ನಾವು ನಾಲ್ವರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಕಾಲುವೆಯ ಮೇಲೆ ಓಡಾಡಿ ನಿವೃತ್ತರಾದ ಕಾಕಾ, ಹೊಸಪೇಟೆಯಿಂದ ಬೈಕಿನಲ್ಲಿ ಬಂದ ಮಾಸ್ತರ್ರು, ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಯಲಬುರ್ಗಾ ಕಡೆಯ ಹುಡುಗ, ಮತ್ತು ನಾನು. ಮಾಸ್ತರ್ರ ಬೆನ್ನ ಮೇಲೆ 85 ಮಿ.ಮೀ. ಗಾಜಿನ ದೊಡ್ಡ ಸ್ಕೋಪು. ಹುಡುಗನ ಬಳಿ ಅವನಣ್ಣ ದುಬೈನಿಂದ ಕಳಿಸಿದ 50 ಮಿ.ಮೀ. ಪುಟಾಣಿ, ತೂಕ ಅರ್ಧ ಕಿಲೋಕ್ಕೂ ಕಡಿಮೆ. ನಾನು ಗೆಳೆಯನೊಬ್ಬನಿಂದ ಎರಡು ವಾರಕ್ಕೆಂದು ಎರವಲು ತಂದದ್ದು ಮಧ್ಯದ್ದು, 65 ಮಿ.ಮೀ. ಕೊಳ್ಳಬೇಕಾದವನು ನಾನು. ಕೈಯಲ್ಲಿರುವುದು ಟ್ರೈಪಾಡೂ ಸೇರಿ ಅರವತ್ತು ಸಾವಿರ. ಅದನ್ನು ಕೂಡಿಹಾಕಲು ಎರಡು ವರ್ಷ ಹಿಡಿದಿದೆ, ಹಾಗಾಗಿ ಈ ಸಲ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಕೊಳ್ಳುವವನಲ್ಲ.

ಹಿಂದೊಮ್ಮೆ ಹಾಗೆ ಕೊಂಡಿದ್ದೆ. “20-60” ಎಂದು ಬಂಗಾರದ ಅಕ್ಷರದಲ್ಲಿ ಬರೆದ ಅಗ್ಗದ ಕೊಳವೆ. ಅರವತ್ತು ಪಟ್ಟು ಹತ್ತಿರ ತೋರಿಸುತ್ತದೆ ಎಂದು ನಂಬಿ ತಂದೆ. ನಲವತ್ತು ದಾಟಿದರೆ ಹಾಲು ಕಲಸಿದ ನೀರಿನೊಳಗೆ ನೋಡಿದಂತೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಒಳಗಾಜಿನ ಮೇಲೆ ಮಂಜು ಕಟ್ಟಿತು, ಎರಡನೆಯ ಮಳೆಗಾಲಕ್ಕೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಒಳಗೆ ನೈಟ್ರೋಜನ್ ತುಂಬಿ ಗಾಳಿ, ತೇವ ಹೋಗದಂತೆ ಬಿಗಿ ಮಾಡಿದ ಸ್ಕೋಪಿಗೂ ಬರೀ ಕೊಳವೆಗೂ ಏನು ವ್ಯತ್ಯಾಸ ಎಂದು ತಿಳಿದದ್ದು ಆಗ. ಅದು ಈಗಲೂ ಅಟ್ಟದ ಮೇಲಿದೆ, ಬಿಸಾಡಲು ಮನಸ್ಸಾಗಿಲ್ಲ.

ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಮುಗಿದ ವಾರ. ಚಳಿ ಹದವಾಗಿದೆ. ನಾವು ನಿಂತಿರುವುದು ಮುನಿರಾಬಾದಿನಿಂದ ಪಡುವಣಕ್ಕೆ, ಹಿನ್ನೀರಿನ ಬಡಗಣ ದಂಡೆಯಲ್ಲಿ. ಅಣೆಕಟ್ಟಿನ ಮೇಲೆ ಪೊಲೀಸ್ ಕಾವಲಿರುತ್ತದೆ, ಟ್ರೈಪಾಡ್ ಬಿಚ್ಚುವ ಜಾಗ ಅದಲ್ಲ. ಅದಕ್ಕೇ ಊರು ದಾಟಿ, ಶೇಂಗಾ ಕಿತ್ತ ಹೊಲಗಳ ಬದುವಿನ ಮೇಲೆ ಒಂದೂವರೆ ಕಿಲೋಮೀಟರು ನಡೆದು ಬಂದಿದ್ದೇವೆ. ಎಡಕ್ಕೆ ದೂರದಲ್ಲಿ ಡ್ಯಾಮಿನ ಉದ್ದ ಗೆರೆ, ಅದರ 33 ಗೇಟುಗಳು ಬಾಚಣಿಗೆಯ ಹಲ್ಲಿನಂತೆ. ಅದರಾಚೆ ಸಂಡೂರು ಗುಡ್ಡಗಳ ನೀಲಿ. ಮುಂದೆ ನೀರು, ಅದಕ್ಕೆ ಈಚೆ, ನೀರು ಹಿಂದೆ ಸರಿದಲ್ಲೆಲ್ಲ ಕೆಸರು, ಕೆಸರಿನ ಅಂಚಿಗೆ ಎಳೆ ಹುಲ್ಲು.

ಈ ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರ್ ಹರಡುತ್ತದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು, ಹೂಳು ಕೂತು 105 ಟಿಎಂಸಿಗೆ ಇಳಿದಿದೆ. ಗಂಗಾವತಿಯ ಭತ್ತದ ರೈತನಿಗೆ ಅದು ಹೊಟ್ಟೆಯ ಸಂಕಟ. ಹಕ್ಕಿ ನೋಡುವವನಿಗೆ ಆ ಅಗಲವೇ ಸಂಕಟ. ಸಣ್ಣ ಕೆರೆಯಾದರೆ ಕೊರಳಿಗೆ ನೇತುಹಾಕುವ ಬೈನಾಕ್ಯುಲರ್ ಸಾಕು; ಹೊಳೆಯಾಚೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಏರಿಯ ಮೇಲೆ ನಿಂತರೆ ಬಣ್ಣದ ಕೊಕ್ಕರೆಯ ಗೂಡು ಕಣ್ಣೆದುರಿಗೇ. ಇಲ್ಲಿ ಹಾಗಲ್ಲ. ಹಕ್ಕಿ ತನಗೆ ಬೇಕಾದಷ್ಟು ದೂರ ಹೋಗಿ ಕೂರಬಲ್ಲದು, ಕೂರುತ್ತದೆ. ಹತ್ತಿರ ಹೋದೆವೋ, ಎದ್ದು ಇನ್ನರ್ಧ ಮೈಲಿ ದೂರ. ಮಂಗೋಲಿಯ, ಟಿಬೆಟ್, ಲಡಾಖಿನ ಕಡೆಯಿಂದ ಹಿಮಾಲಯ ದಾಟಿ ಬಂದು ಸುಸ್ತು ಕಳೆಯುತ್ತಿರುವ ಜೀವವನ್ನು ಬರೀ ಹೆಸರು ಬರೆದುಕೊಳ್ಳುವುದಕ್ಕಾಗಿ ಎಬ್ಬಿಸುವುದಿದೆಯಲ್ಲ, ಅದು ನನಗೆ ಪಾಪವೆಂದೇ ಅನ್ನಿಸುತ್ತದೆ. ದೂರದಿಂದ ನೋಡುವ ಗಾಜಿಗೆ ದುಡ್ಡು ಹಾಕುವುದು ಅದಕ್ಕೇ.

ಮೊದಲು ಸದ್ದು ಬರುತ್ತದೆ. ಹೊಲದ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ, “ಆಂಗ್… ಆಂಗ್…” ಎಂದು ಮೂಗಿನಲ್ಲಿ ಕೂಗುತ್ತ. ರಾತ್ರಿಯೆಲ್ಲ ಕಡಲೆ ಹೊಲ, ಶೇಂಗಾ ಹೊಲಗಳಲ್ಲಿ ಮೇದು ಹಗಲು ಕಳೆಯಲು ನೀರಿಗೆ ಮರಳುತ್ತಿರುವ ಪಟ್ಟೆತಲೆ ಹೆಬ್ಬಾತುಗಳು. ನೆತ್ತಿಯ ಮೇಲೆ ಒಂದು ಸಾಲು, ಅದರ ಹಿಂದೆ ಮುರಿದ ಬಿಲ್ಲಿನಂತೆ ಇನ್ನೊಂದು. ರೆಕ್ಕೆ ಬೀಸುವ ಗಾಳಿಯ ಸುಯ್ಯೆನ್ನುವ ಸದ್ದೂ ಕೇಳುವಷ್ಟು ಕೆಳಗೆ. ನಾವು ಯಾರೂ ಅಲುಗಾಡುವುದಿಲ್ಲ. ಅವು ಒಂದು ಸುತ್ತು ಹೊಡೆದು, ಕಾಲು ಮುಂದೆ ಚಾಚಿ, ಸುಮಾರು ನಾನೂರು ಮೀಟರ್ ಆಚೆ ಕೆಸರಿನ ನಾಲಗೆಯ ಮೇಲೆ ಇಳಿಯುತ್ತವೆ.

“ಹಚ್ಚು ಈಗ” ಎನ್ನುತ್ತಾರೆ ಕಾಕಾ.

ಮೂರೂ ಸ್ಕೋಪು ಒಂದೇ ಕಡೆ ತಿರುಗುತ್ತವೆ. ನನ್ನದನ್ನು ಅತಿ ಕಡಿಮೆ ಶಕ್ತಿಗೆ, 16ಕ್ಕೆ ಇಟ್ಟು ಹುಡುಕುತ್ತೇನೆ. ಇದೊಂದು ಅಭ್ಯಾಸ ಎಲ್ಲರೂ ಮಾಡಿಕೊಳ್ಳಬೇಕು: ಜೂಮು ತಿರುಗಿಸಿದಷ್ಟೂ ಕಿಟಕಿ ಕಿರಿದಾಗುತ್ತದೆ. ಇಪ್ಪತ್ತರ ಶಕ್ತಿಯಲ್ಲಿ ಒಂದು ಕಿಲೋಮೀಟರ್ ಆಚೆ ಮೂವತ್ತೈದು ಮೀಟರ್ ಅಗಲ ಕಂಡರೆ ಅದೃಷ್ಟ. ಅರವತ್ತರಲ್ಲಿ ಅದರರ್ಧಕ್ಕಿಂತ ತುಸು ಹೆಚ್ಚು. ಮೊದಲೇ ಅರವತ್ತಕ್ಕಿಟ್ಟವನಿಗೆ ಬಾತು ಸಿಗುವುದಿಲ್ಲ, ಬರೀ ಕೆಸರು, ಕೆಸರು, ಮತ್ತೆ ಕೆಸರು.

ಸಿಕ್ಕಿತು. ಫೋಕಸ್ ಉಂಗುರವನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ.

ಬಿಳಿ ತಲೆ. ಕಣ್ಣಿನಿಂದ ಕಣ್ಣಿಗೆ ಹಿಂದಲೆಯನ್ನು ಬಳಸಿದ ಒಂದು ಕಪ್ಪು ಪಟ್ಟೆ, ಅದರ ಕೆಳಗೆ, ಕತ್ತು ಶುರುವಾಗುವಲ್ಲಿ, ಇನ್ನೊಂದು ಗಿಡ್ಡ ಪಟ್ಟೆ. ಹಳದಿ ಕೊಕ್ಕು, ತುದಿಗೆ ಕಪ್ಪು ಉಗುರು. ಅದು ರೆಕ್ಕೆಯ ಬುಡಕ್ಕೆ ಕೊಕ್ಕು ಹಾಕಿ ಗರಿ ತಿದ್ದುತ್ತದೆ. ಕೊಕ್ಕಿನಿಂದ ಜಾರಿದ ನೀರ ಹನಿ ಎದೆಯ ಮೇಲೆ ಉರುಳಿ ನಿಲ್ಲುತ್ತದೆ. ನಾನೂರು ಮೀಟರ್ ಆಚೆಯ ಹನಿ.

ದುರ್ಬೀನಿನ ಗಾಜು ಪರೀಕ್ಷಿಸಲು ಈ ತಲೆಗಿಂತ ಒಳ್ಳೆಯ ಹಲಗೆ ಬೇರೆ ಇಲ್ಲ ಎನ್ನುವುದು ನನ್ನ ನಂಬಿಕೆ. ಬಿಳಿಯ ಪಕ್ಕದಲ್ಲೇ ಕಪ್ಪು. ಸಾಧಾರಣ ಗಾಜಿನಲ್ಲಿ ಬೆಳಕಿನ ಬೇರೆ ಬೇರೆ ಬಣ್ಣ ಒಂದೇ ಬಿಂದುವಿಗೆ ಬಂದು ಸೇರುವುದಿಲ್ಲ. ಬಿಳಿಯ ಅಂಚಿಗೆ ನೇರಳೆ, ಇನ್ನೊಂದು ಬದಿಗೆ ಹಸಿರು, ಇಂಕು ಒದ್ದೆ ಕಾಗದದಲ್ಲಿ ಹರಡಿದ ಹಾಗೆ. ಹುಡುಗನ 50ರಲ್ಲಿ ಇಪ್ಪತ್ತರ ತನಕ ಏನೂ ಗೊತ್ತಾಗುವುದಿಲ್ಲ, ಮೂವತ್ತೈದಕ್ಕೆ ತಂದೊಡನೆ ಆ ನೇರಳೆ ಗೆರೆ ಮೂಡುತ್ತದೆ, ಗಿಡ್ಡ ಪಟ್ಟೆಯ ಅಂಚು ಕರಗುತ್ತದೆ. ಮಾಸ್ತರ್ರದೂ ನನ್ನದೂ ಇಡಿ ಗಾಜಿನವು, ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು. ಅಲ್ಲಿ ಪಟ್ಟೆ ಪಟ್ಟೆಯಾಗಿಯೇ ಇದೆ. ಕಾಕಾ ಮೂರಕ್ಕೂ ಕಣ್ಣಿಟ್ಟು ನೋಡುತ್ತಾರೆ. ಅವರಿಗೆ ನಾನು ಗಾಜಿನ ವಿಚಾರ ಏನೂ ಹೇಳಿಲ್ಲ.

“ಸಣ್ಣದ್ರಾಗ ಬಾತಿಗೆ ಕಣ್ಕಪ್ಪು ಹರಡಿದಂಗ ಕಾಣ್ತೈತಿ. ಇವೆರಡ್ರಾಗ ಈಗಷ್ಟೇ ತಿದ್ದಿ ಹಚ್ಚಿದಂಗ ಐತಿ.”

ದೊಡ್ಡದಕ್ಕೂ ಮಧ್ಯದ್ದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತೇನೆ. ಮತ್ತೆ ಒಂದೊಂದಕ್ಕೂ ಕಣ್ಣಿಟ್ಟು, ಬಹಳ ಹೊತ್ತು ತೆಗೆದುಕೊಂಡು, “ಎರಡೂ ಅಷ್ಟ” ಎನ್ನುತ್ತಾರೆ. ಮಾಸ್ತರ್ರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಅವರದು ನನ್ನದಕ್ಕಿಂತ ಬಹಳ ತುಟ್ಟಿ, ಮತ್ತು ಈ ಒಂದೂವರೆ ಕಿಲೋಮೀಟರ್ ಹೊತ್ತು ತಂದದ್ದು ಅವರದೇ ಹೆಗಲು. ಸ್ಕೋಪು ಎರಡು ಕಿಲೋ ಆಸುಪಾಸು, ಅದಕ್ಕೆ ತಕ್ಕ ಟ್ರೈಪಾಡು ಇನ್ನೆರಡೂವರೆ.

ಕಾಕಾ ಕನ್ನಡಕ ತೆಗೆಯದೆ ನೋಡುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಂಗಡಿಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಕಣ್ಣನ್ನು ಐಪೀಸಿನಿಂದ ಎಷ್ಟು ದೂರದ ತನಕ ಇಟ್ಟರೆ ಇಡೀ ವೃತ್ತ ಕಾಣುತ್ತದೆ ಎನ್ನುವ ಅಳತೆಯೊಂದಿದೆ. ಕನ್ನಡಕದವರಿಗೆ ಅದು 15 ಮಿ.ಮೀ.ಗಿಂತ ಕಡಿಮೆಯಿದ್ದರೆ ಕೀಲಿರಂಧ್ರದಲ್ಲಿ ಇಣುಕಿದ ಅನುಭವ. ಐಪೀಸಿನ ರಬ್ಬರ್ ಬಟ್ಟಲನ್ನು ತಿರುವಿ ಕೆಳಗಿಳಿಸಿದರೆ ಕಾಕಾನಿಗೆ ಪೂರ್ತಿ ಕಾಣುತ್ತದೆ, ಮೇಲೆತ್ತಿದರೆ ನನಗೆ. ನಲವತ್ತು ದಾಟಿದ ಮೇಲೆ ಸ್ಕೋಪು ಕೊಳ್ಳುವವರು ಪಟ್ಟಿಯಲ್ಲಿ ಮೊದಲು ನೋಡಬೇಕಾದ ಅಂಕಿ ಇದು.

ಹುಡುಗ ಎಣಿಸಲು ಶುರುಮಾಡಿದ್ದಾನೆ. ಹತ್ತರ ಗುಂಪು ಮಾಡಿ ಎಡದಿಂದ ಬಲಕ್ಕೆ. ನಾನು ಕತ್ತುಗಳನ್ನು ಮಾತ್ರ ನೋಡುತ್ತಿದ್ದೇನೆ. ಮಂಗೋಲಿಯದಲ್ಲಿ ಸಂಶೋಧಕರು ಕೆಲವು ಬಾತುಗಳ ಕತ್ತಿಗೆ ಹಸಿರು ಪಟ್ಟಿ ತೊಡಿಸಿ ಅದರ ಮೇಲೆ ಬಿಳಿಯ ಅಕ್ಷರ, ಅಂಕಿ ಬರೆದಿರುತ್ತಾರೆ. ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಅಂಥವು ಕಂಡಿವೆ. ಆ ಎರಡು ಮೂರು ಅಕ್ಷರ ಓದಲು ಆದರೆ, ಎದುರಿಗಿರುವುದು ಯಾವುದೋ ಒಂದು ಬಾತಲ್ಲ, ಇಂಥ ಕೆರೆಯಲ್ಲಿ ಇಂಥ ಬೇಸಿಗೆಯಲ್ಲಿ ಒಬ್ಬರ ಕೈಯಲ್ಲಿ ಕೂತು ಬಂದ ಬಾತು. ನಾನು ಇಂಥ ಸ್ಕೋಪು ಬೇಕೆಂದು ಹಟ ಹಿಡಿದದ್ದೇ ಆ ಅಕ್ಷರಕ್ಕಾಗಿ. ಒಂದೊಂದೇ ಕತ್ತು. ಕೆಲವು ರೆಕ್ಕೆಯಲ್ಲಿ ತಲೆ ಹುದುಗಿಸಿ ಮಲಗಿವೆ. ಅವು ಏಳುವ ತನಕ ಕಾಯಬೇಕು. ಇವತ್ತು ಒಂದಕ್ಕೂ ಪಟ್ಟಿಯಿಲ್ಲ.

“ನೂರಾ ಎಂಬತ್ನಾಕು, ಸರ್.”

“ಮತ್ತೊಮ್ಮೆ ಎಣಿಸಪಾ” ಎನ್ನುತ್ತಾರೆ ಮಾಸ್ತರ್ರು. ಎರಡನೆಯ ಸಲ ನೂರಾ ಎಂಬತ್ತೊಂಬತ್ತು. ಎರಡನ್ನೂ ಬರೆದುಕೊಳ್ಳುತ್ತೇನೆ.

ಎಂಟು ಗಂಟೆಗೆ ಗಾಳಿ ಏಳುತ್ತದೆ. ನೀರಿನ ಮೇಲಿನಿಂದ ಅಡ್ಡಲಾಗಿ, ಬಿಟ್ಟು ಬಿಟ್ಟು. ಮೂರು ಸ್ಕೋಪುಗಳ ನಿಜವಾದ ಪರೀಕ್ಷೆ ಈಗ. ಹುಡುಗನ ಟ್ರೈಪಾಡು ಮೊಬೈಲಿನಲ್ಲಿ ವಿಡಿಯೊ ಮಾಡುವವರು ಕೊಳ್ಳುವಂಥದ್ದು, ಬಿದಿರು ಕಡ್ಡಿಯಷ್ಟು ತೆಳುವಾದ ಕಾಲು. ಅವನ ಸ್ಕೋಪಿನಲ್ಲಿ ನಾನು ಕಣ್ಣಿಟ್ಟಾಗ ಬಾತುಗಳೆಲ್ಲ ಚಕ್ಕಡಿಯಲ್ಲಿ ಕೂತಂತೆ ಕುಲುಕಾಡುತ್ತಿವೆ. ನಲವತ್ತು ಪಟ್ಟು ಹತ್ತಿರ ತೋರಿಸುವುದು ನಲವತ್ತು ಪಟ್ಟು ನಡುಕವನ್ನೂ ತೋರಿಸುತ್ತದೆ. ಕಾಕಾ ಸುಮ್ಮನೆ ಹೋಗಿ ಒಂದು ಕೈಚೀಲದಲ್ಲಿ ನಾಲ್ಕು ಕಲ್ಲು ತುಂಬಿ ತಂದು ಟ್ರೈಪಾಡಿನ ನಡುಗಂಬದ ಕೊಕ್ಕೆಗೆ ತೂಗುಹಾಕುತ್ತಾರೆ. ನಡುಗಂಬವನ್ನು ಪೂರ್ತಿ ಕೆಳಗಿಳಿಸಿ, ಕಾಲುಗಳನ್ನು ಅಗಲಿಸಿ ಒಂದೊಂದನ್ನೂ ಕೆಸರಿಗೆ ಒತ್ತುತ್ತಾರೆ. ಈಗ ಕಣ್ಣಿಟ್ಟರೆ ಬಾತು ನಿಂತಿದೆ. ಅದೇ ಗಾಜು, ಅದೇ ಬಾತು, ಖರ್ಚು ನಾಲ್ಕು ಕಲ್ಲು. ನನ್ನ ಅರವತ್ತು ಸಾವಿರದಲ್ಲಿ ಕಾಲುಭಾಗ ಟ್ರೈಪಾಡಿಗೂ ಅದರ ತಲೆಗೂ ಹೋಗಬೇಕೆಂದು ನಾನು ತೀರ್ಮಾನಿಸುವುದು ಆ ಕೈಚೀಲ ನೋಡುತ್ತ. ತಲೆ ಎಂದರೆ ಎಣ್ಣೆಯ ಹದದಲ್ಲಿ ನಿಧಾನವಾಗಿ ತಿರುಗುವಂಥದ್ದು. ಫೋಟೊದವರ ಗುಂಡುತಲೆ ಇಲ್ಲಿ ಕೆಲಸಕ್ಕೆ ಬಾರದು, ಕೈ ಬಿಟ್ಟೊಡನೆ ಮೂಗು ಕೆಳಗೆ ಮಾಡುತ್ತದೆ.

ಊರಿನ ಮೂರು ಹುಡುಗರು ಎಮ್ಮೆ ಬಿಟ್ಟುಕೊಂಡು ಬಂದಿದ್ದಾರೆ. ದೂರದಲ್ಲಿ ನಿಂತು ನೋಡುತ್ತಾರೆ, ಇನ್ನಷ್ಟು ಹತ್ತಿರ ಬರುತ್ತಾರೆ, ಕೊನೆಗೆ ಅವರಲ್ಲಿ ಚಿಕ್ಕವನು, ಎಂಟು ವರ್ಷದವನಿರಬೇಕು, “ಯಜ್ಜಾ, ನಾನೊಂಚೂರು” ಎಂದು ಕಾಕಾನ ಅಂಗಿ ಹಿಡಿಯುತ್ತಾನೆ. ನನ್ನ ಸ್ಕೋಪಿನ ಐಪೀಸು 45 ಡಿಗ್ರಿ ಮೇಲಕ್ಕೆ ಬಾಗಿದ್ದು. ಟ್ರೈಪಾಡನ್ನು ಗಿಡ್ಡ ಮಾಡಿ ಇಟ್ಟರೂ ಎತ್ತರದವರು ಬಗ್ಗಿ ನೋಡಬಹುದು, ಗಿಡ್ಡವರು ನಿಂತೇ ನೋಡಬಹುದು. ಮಾಸ್ತರ್ರದು ನೇರ ಕೊಳವೆ; ಅವರ ಎತ್ತರಕ್ಕೆ ಸರಿಮಾಡಿಟ್ಟರೆ ಹುಡುಗನನ್ನು ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ಅವನು ಕೊಳವೆಗೇ ಜೋತುಬೀಳುತ್ತಾನೆ. ಬೆಟ್ಟದ ಇಳಿಜಾರು ನೋಡುವ ಬೇಟೆಗಾರನಿಗೆ, ಗಾಡಿಯ ಕಿಟಕಿಯಿಂದ ನೋಡುವವನಿಗೆ ನೇರವೇ ಸುಲಭ. ನಾಲ್ಕು ಮಂದಿ ಸೇರಿ ನೋಡುವ ನಮ್ಮಂಥವರಿಗೆ ಬಾಗಿದ್ದು.

ಚಿಕ್ಕವನು ಎರಡೂ ಕಣ್ಣು ಮುಚ್ಚಿಕೊಂಡು ನೋಡುತ್ತಾನೆ ಮೊದಲು. ಆಮೇಲೆ ಒಂದು ತೆರೆಯುತ್ತಾನೆ. ಅವನ ಉಸಿರು ನಿಲ್ಲುತ್ತದೆ. ಕೈ ಮುಂದೆ ಚಾಚಿ ಗಾಳಿಯನ್ನು ಮುಟ್ಟುತ್ತಾನೆ.

“ಅದು ನನ್ನ ನೋಡಾಕತ್ತೈತಿ!”

ಅವನ ಅಣ್ಣಂದಿರು ನೂಕಾಡುತ್ತಾರೆ. ಮುಂದಿನ ಇಪ್ಪತ್ತು ನಿಮಿಷ ಸ್ಕೋಪು ನನ್ನದಲ್ಲ. ಅಷ್ಟರಲ್ಲಿ ಮಾಸ್ತರ್ರು ಆಚೆಗಿನ ಆಳವಿಲ್ಲದ ನೀರಿನಲ್ಲಿ ಮಸುಕು ಗುಲಾಬಿ ಗೆರೆಯೊಂದನ್ನು ಹಿಡಿದಿದ್ದಾರೆ. ರಾಜಹಂಸಗಳು, ಒಂದು ಕಿಲೋಮೀಟರಿಗೂ ಮಿಗಿಲು ದೂರ. ಬರಿಗಣ್ಣಿಗೆ ಅದು ದಂಡೆಯ ಮೇಲೆ ಒಣಹಾಕಿದ ಸೀರೆ. 85ರಲ್ಲಿ ನೋಡಿದರೆ ತಲೆಕೆಳಗು ಮಾಡಿ ಕೆಸರು ಸೋಸುತ್ತಿರುವ ಕೊಕ್ಕು, ಹೆಜ್ಜೆ ಎತ್ತಿಟ್ಟಾಗ ಮೊಣಕಾಲ ಗಂಟು. ನಮ್ಮ ಮಧ್ಯದ್ದರಲ್ಲೂ ಕಾಣುತ್ತವೆ, ಆದರೆ ಗಂಟು ಕಾಣುವುದಿಲ್ಲ. ಈ ಸಲ ಕಾಕಾ ಕೂಡ “ದೊಡ್ಡದು ಹೆಚ್ಚಿಗಿ” ಎಂದು ಒಪ್ಪುತ್ತಾರೆ. ನನ್ನ ತೀರ್ಮಾನ ತೂಗುಯ್ಯಾಲೆಗೆ ಬೀಳುತ್ತದೆ.

ಒಂಬತ್ತೂವರೆ. ಸೂರ್ಯ ತೆಂಕಣಕ್ಕೆ ವಾಲಿದ್ದಾನೆ, ನೀರಿನ ಮೇಲೆ ಎಡಗಡೆ ಪೂರ್ತಿ ಬೆಳ್ಳಿ. ಮುಂಗಾಜಿನ ಸುತ್ತಲಿನ ನೆರಳು ಕೊಳವೆಯನ್ನು ಹೊರಗೆಳೆದುಕೊಂಡರೆ ಸ್ವಲ್ಪ ತಡೆಯುತ್ತದೆ. ಯಾವ ಔಷಧವೂ ಇಲ್ಲ ಎನ್ನುವಂಥದ್ದು ಇನ್ನರ್ಧ ಗಂಟೆಗೆ ಬರುತ್ತದೆ. ಮೊದಲು ರಾಜಹಂಸಗಳ ಕಾಲು ಅಲೆಯಾಡುತ್ತವೆ. ಆಮೇಲೆ ಕಾಲೇ ಇಲ್ಲ, ಹಕ್ಕಿಗಳು ನೆಲದಿಂದ ಎದ್ದು ತೇಲುತ್ತಿವೆ. ಹೆಬ್ಬಾತುಗಳ ತಲೆ ಉದ್ದವಾಗಿ, ಚಪ್ಪಟೆಯಾಗಿ, ಮತ್ತೆ ಉದ್ದವಾಗಿ, ಕಾದ ಎಣ್ಣೆಯ ಆಚೆ ಇರುವ ಹಾಗೆ. ಬಿಸಿಲುಗುದುರೆ ಶುರುವಾಯಿತು. ಕಾದ ಕೆಸರಿನಿಂದ ಏಳುವ ಬಿಸಿ ಗಾಳಿಯ ಒಂದೊಂದು ಪದರವೂ ಬೆಳಕನ್ನು ಒಂದೊಂದು ಕಡೆ ಬಗ್ಗಿಸುತ್ತದೆ. ದುರ್ಬೀನು ಹಕ್ಕಿಯನ್ನು ಹತ್ತಿರ ತರುವಾಗ ನಡುವಿನ ಆ ಗಾಳಿಯನ್ನೂ ಹೊತ್ತು ತರುತ್ತದೆ.

ಮಾಸ್ತರ್ರು ಅರವತ್ತರಿಂದ ನಲವತ್ತಕ್ಕೆ ಇಳಿಸುತ್ತಾರೆ, ನಲವತ್ತರಿಂದ ಇಪ್ಪತ್ತೈದಕ್ಕೆ. ನಾನು ಮೂವತ್ತರಿಂದ ಇಪ್ಪತ್ತಕ್ಕೆ. ಹುಡುಗ ಇಪ್ಪತ್ತರಲ್ಲೇ ಇದ್ದಾನೆ. ಮೂವರಿಗೂ ಈಗ ಒಂದೇ ಚಿತ್ರ.

“ಹತ್ತರ ಮ್ಯಾಲ ಎಲ್ಲಾರೂ ಒಂದ” ಎನ್ನುತ್ತಾರೆ ಕಾಕಾ, ಬುತ್ತಿ ಬಿಚ್ಚುತ್ತ.

ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ತಿನ್ನುತ್ತ ಲೆಕ್ಕ ಹಾಕುತ್ತೇನೆ. ಮಾರ್ಚ್ ಬಂದರೆ ಈ ಆಟ ಎಂಟೂವರೆಗೇ ಶುರು. ಅಂದರೆ ಈ ದಂಡೆಯಲ್ಲಿ ವರ್ಷದ ಬಹುಪಾಲು ದಿನ ಅರವತ್ತರ ಶಕ್ತಿ ಕೆಲಸಕ್ಕೆ ಬರುವುದು ಬೆಳಗಿನ ಎರಡು ಎರಡೂವರೆ ಗಂಟೆ ಮಾತ್ರ. ಸ್ಕಾಟ್ಲೆಂಡಿನ ತಣ್ಣನೆಯ ದಂಡೆಯಲ್ಲಿ ಕೂತು ಯಾರೋ ಬರೆದ ಸಲಹೆ ನೋಡಿ ದೊಡ್ಡದು ಕೊಂಡರೆ, ನಾನು ಹೊತ್ತದ್ದು ಭಾರ, ನೋಡಿದ್ದು ಬಿಸಿಲು. ನಡುವಿನ ಬೆಲೆಯಲ್ಲಿ ಇವತ್ತು ಆಯ್ಕೆಗೆ ಬರಗಾಲವಿಲ್ಲ: ವೋರ್ಟೆಕ್ಸ್ ಡೈಮಂಡ್‌ಬ್ಯಾಕ್, ಸೆಲೆಸ್ಟ್ರಾನ್ ರೀಗಲ್, ಹಾಕ್ ಎಂಡ್ಯೂರೆನ್ಸ್, ನಿಕಾನ್, ಕೋವಾದ ಸಣ್ಣವು, ಎಲ್ಲವೂ ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ಸ್ವರೋವ್‌ಸ್ಕಿ, ಜೈಸ್, ಲೈಕಾ ಲಕ್ಷಗಳ ಮಾತು, ಅವುಗಳ ಗಾಜಿನ ಮೇಲೆ ನನಗೆ ಗೌರವವಿದೆ, ಅಷ್ಟೇ. ಹೆಸರಿಗಿಂತ ಮುಖ್ಯ, ಕೊಳ್ಳುವ ಮುನ್ನ ನಿಮ್ಮ ದಂಡೆಗೆ, ನಿಮ್ಮ ಬಿಸಿಲಿಗೆ ಅದನ್ನು ಒಯ್ದು ನೋಡಲು ಸಿಗುತ್ತದೆಯೇ ಎನ್ನುವುದು. ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಬೋರ್ಡು ಓದಿದರೆ ಎಲ್ಲ ಸ್ಕೋಪೂ ಚಿನ್ನ.

ಮಧ್ಯಾಹ್ನವೆಲ್ಲ ಕಾಕಾನ ಮನೆಯಲ್ಲಿ ನಿದ್ದೆ. ಸಂಜೆ ಐದಕ್ಕೆ ಮತ್ತೆ ಹೊರಟಿದ್ದೇವೆ, ಈ ಸಲ ಅಣೆಕಟ್ಟಿನ ಕೆಳಗೆ, ಮುದ್ಲಾಪುರದ ಕಡೆ. ಮೇಲೆ ಸಮುದ್ರದಂತೆ ನಿಂತ ನೀರು ಇಲ್ಲಿ ಹೊಳೆ. ಗುಂಡುಗಲ್ಲುಗಳ ನಡುವೆ ಸೀಳಾಗಿ ಹರಿಯುತ್ತದೆ. ಹುಲಿಗಿಯ ಹುಲಿಗೆಮ್ಮನ ಗುಡಿಯ ಗಂಟೆ ಗಾಳಿ ತಿರುಗಿದಾಗ ಕೇಳುತ್ತದೆ. ಸೇತುವೆಯ ಮೇಲೆ ರೈಲೊಂದು ಹೊಸಪೇಟೆಯ ಕಡೆಗೆ ಹೋಗುತ್ತದೆ. ಇಲ್ಲಿ ಮುದ್ಲಾಪುರದಿಂದ ಕಂಪ್ಲಿಯ ತನಕ ಹೊಳೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಮೊಸಳೆಗಳೂ ಇವೆ, ಅದಕ್ಕೆ ನೀರಿನಂಚಿಗೆ ಇಳಿಯದೆ ಮೇಲಿನ ಬಂಡೆಯ ಮೇಲೇ ಕೂರುತ್ತೇವೆ.

ಬೆಳಿಗ್ಗೆ ಬೀಡಿ ಹಚ್ಚುತ್ತಿದ್ದವನಂಥ ಇನ್ನೊಬ್ಬ ಮೀನುಗಾರ ಬಲೆ ಬಿಡಿಸುತ್ತಿದ್ದಾನೆ. ನೀರುನಾಯಿ ನೋಡಲು ಬಂದಿದ್ದೇವೆ ಎಂದರೆ ಬಲೆಯನ್ನೆತ್ತಿ ಅಂಗೈಯಗಲದ ತೂತು ತೋರಿಸುತ್ತಾನೆ.

“ನೋಡ್ರಿ ಇದನ್ನ. ನಿಮಗ ಅದು ಚಂದ, ನಮಗ ಇದು.”

ಅವನ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಅವನ ಬಲೆಗೆ ಪರಿಹಾರ ಸಿಗಬೇಕು, ನೀರುನಾಯಿಗೆ ಮೀನು ಸಿಗಬೇಕು. ಎರಡೂ ಆಗದ ಹೊರತು ಕಾಗದದ ಮೇಲಿನ ಮೀಸಲು ಕಾಗದದಲ್ಲೇ ಇರುತ್ತದೆ. ಎಲ್ಲಿ ಕಂಡವು ಎಂದು ಕೇಳಿದಾಗ ಸಿಟ್ಟಿಲ್ಲದೆ ಕೈತೋರಿಸುತ್ತಾನೆ. ಆಚೆ ದಂಡೆ, ಒಡೆದ ಬಂಡೆ, ಅದರ ಪಕ್ಕದ ಜಂಬು ಹುಲ್ಲು.

ಆರು ಗಂಟೆ. ಸೂರ್ಯ ಮುಳುಗುವುದರಲ್ಲಿದ್ದಾನೆ. ಬಂಡೆಯ ಬುಡದಲ್ಲಿ ನೀರು ಬೇರೆ ತರಹ ಅಲುಗುತ್ತದೆ. ಒಂದು ಚಪ್ಪಟೆ ತಲೆ, ಹಿಂದೆ ಬಾಣದ ಗುರುತಿನ ಅಲೆ. ಇನ್ನೊಂದು. ಮೂರು. ಮೊದಲನೆಯದು ಬಂಡೆಗೆ ಹತ್ತಿ ಮೈ ಒದರುತ್ತದೆ. ಎರಡನೆಯದರ ಬಾಯಲ್ಲಿ ಮೀನು. ಎರಡು ಮುಂಗೈಯಲ್ಲಿ ಹಿಡಿದು, ತಲೆಯ ಕಡೆಯಿಂದ, ಕಬ್ಬು ಅಗಿದಂತೆ ಅಗಿಯುತ್ತಿದೆ.

ಹತ್ತೇ ನಿಮಿಷದಲ್ಲಿ ಹುಡುಗನ 50 ಕುರುಡಾಗುತ್ತದೆ. ಇದಕ್ಕೆ ಲೆಕ್ಕ ಸುಲಭ: ಮುಂಗಾಜಿನ ಅಗಲವನ್ನು ಶಕ್ತಿಯಿಂದ ಭಾಗಿಸಿದರೆ ಐಪೀಸಿನಿಂದ ಹೊರಬೀಳುವ ಬೆಳಕಿನ ಚುಕ್ಕೆಯ ಅಗಲ ಸಿಗುತ್ತದೆ. ಐವತ್ತನ್ನು ಇಪ್ಪತ್ತರಿಂದ ಭಾಗಿಸಿ, ಎರಡೂವರೆ ಮಿ.ಮೀ. ಮಾಸ್ತರ್ರದು ನಾಲ್ಕೂ ಕಾಲು. ನನ್ನದು ಹದಿನಾರರಲ್ಲಿ ನಾಲ್ಕು, ಆದರೆ ಇಪ್ಪತ್ತಕ್ಕೆ ತಂದರೆ ಮೂರೂ ಕಾಲು. ಕತ್ತಲಲ್ಲಿ ಕಣ್ಣಿನ ಪಾಪೆ ಐದಾರು ಮಿ.ಮೀ. ತೆರೆದು ಬೆಳಕಿಗೆ ಬಾಯಿಬಿಟ್ಟಿರುವಾಗ ಈ ಒಂದು ಮಿಲಿಮೀಟರೇ ಮೀಸೆಯ ಕೂದಲು ಕಾಣುವುದಕ್ಕೂ ಕಾಣದಿರುವುದಕ್ಕೂ ಅಂತರ. ನಡುಹಗಲಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ಹೆಚ್ಚಿನ ಬೆಳಕು ಬಂದರೂ ಒಳಗೆ ಹೋಗಲು ಬಾಗಿಲಿಲ್ಲ. ಬೆಳಿಗ್ಗೆ ಕಾಕಾ “ಎರಡೂ ಅಷ್ಟ” ಎಂದದ್ದು ಅದಕ್ಕೆ.

ಮಾಸ್ತರ್ರು ತಮ್ಮ ಜಾಗ ಬಿಟ್ಟುಕೊಟ್ಟು “ಈಗ ನೋಡ್ರಿ” ಎನ್ನುತ್ತಾರೆ, ಇಡೀ ದಿನದ ಭಾರಕ್ಕೆ ಈಗ ಬೆಲೆ ಬಂದ ತೃಪ್ತಿಯಲ್ಲಿ. ನೋಡುತ್ತೇನೆ. ಒದ್ದೆ ತುಪ್ಪಳ ಮುಳ್ಳುಮುಳ್ಳಾಗಿ ನಿಂತಿದೆ. ಮೀಸೆಯ ತುದಿಗೆ ಮೀನಿನ ಹೊಳಪು. ನನ್ನ ಸ್ಕೋಪಿಗೆ ಮರಳಿದರೆ ನೀರುನಾಯಿ ಇದೆ, ಮೀನೂ ಇದೆ, ಮೀಸೆ ಇಲ್ಲ.

ಮನಸ್ಸಿಗೆ ಕಸಿವಿಸಿ. ಆದರೂ ಮಧ್ಯದ್ದನ್ನೇ ಕೊಳ್ಳುತ್ತೇನೆ: 65 ಮಿ.ಮೀ., ಇಡಿ ಗಾಜು, ಬಾಗಿದ ಐಪೀಸು, ಮಿಕ್ಕ ದುಡ್ಡಿಗೆ ಅಲುಗದ ಮೂರು ಕಾಲು. ನನ್ನ ಬೆನ್ನು ನನಗೆ ಗೊತ್ತು. ಎರಡು ಕಿಲೋದ್ದನ್ನು ಮೊದಲ ತಿಂಗಳು ಪ್ರೀತಿಯಿಂದ ಹೊರುತ್ತೇನೆ, ಎರಡನೆಯ ತಿಂಗಳು ಹೊರುತ್ತೇನೆ, ಮೂರನೆಯ ತಿಂಗಳು ಅದು ಅಟ್ಟ ಸೇರುತ್ತದೆ. ಸಂಜೆಯ ಆ ಹತ್ತು ನಿಮಿಷಕ್ಕೆ ಮಾಸ್ತರ್ರಿಗೆ ಫೋನು ಮಾಡಿ ಕರೆಯುತ್ತೇನೆ; ಅವರೂ ಬಂದೇ ಬರುತ್ತಾರೆ.

ಹುಡುಗ ತನ್ನದನ್ನು ಮಡಚಿ ಚೀಲಕ್ಕೆ ಹಾಕಿಯಾಗಿದೆ. ಮೀನುಗಾರ ಬಲೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದಾನೆ. ಹುಲಿಗಿಯ ದೀಪಗಳು ನೀರಿಗೆ ಇಳಿದಿವೆ.

“ಕಾಕಾ, ಹೋಗೂಣು ಬರ್ರಿ. ಏನೂ ಕಾಣಂಗಿಲ್ಲ ಇನ್ನ.”

ಕಾಕಾ ಮಾಸ್ತರ್ರ ದೊಡ್ಡ ಸ್ಕೋಪಿಗೆ ಕಣ್ಣಿಟ್ಟವರು ತೆಗೆಯುವುದಿಲ್ಲ. ಕನ್ನಡಕದ ಅಂಚು ರಬ್ಬರಿಗೆ ತಾಗಿದೆ, ಒಂದು ಕೈ ಬೆನ್ನ ಹಿಂದೆ.

“ನಿಂದ್ರೋ. ಮರಿ ಒಂದು ಹೊರಗ ಬಂತು.”